ಹನ್ನೊಂದು ಮನೆಗಳ ಜೋಲಿ

ಗಾಂಧಿಪುರಂ

ದಾವಣಗೆರೆಯ ಒಂದು ಪ್ರೆಸ್ಸಿನಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಕರಡು ತಿದ್ದುತ್ತಿದ್ದೇನೆ. ಲಗ್ನಪತ್ರಿಕೆಯಿಂದ ಹಿಡಿದು ಶಾಲೆಯ ಗೈಡುಗಳವರೆಗೆ ನನ್ನ ಕಣ್ಣು ತಪ್ಪಿಸಿ ಹೋದ ತಪ್ಪಕ್ಷರ ಕಡಿಮೆ. ಅಂಥವಳು ಆ ಬೆಳಿಗ್ಗೆ ಕೊಯಮತ್ತೂರಿನ ಗಾಂಧಿಪುರಂ ಬಸ್ ನಿಲ್ದಾಣದಲ್ಲಿ ನಿಂತು ಒಂದೊಂದು ಬಸ್ಸಿನ ಬೋರ್ಡನ್ನೂ ಮಿಕಿಮಿಕಿ ನೋಡುತ್ತಿದ್ದೆ. ಒಂದಕ್ಷರ ಗೊತ್ತಾಗಲಿಲ್ಲ. ಪಾಸ್‌ಪೋರ್ಟ್ ಕೇಳದಿದ್ದರೇನು, ಅಕ್ಷರ ಬಾರದ ಊರು ನನ್ನ ಪಾಲಿಗೆ ಪರದೇಶವೇ.

ತಪ್ಪೆಲ್ಲ ನನ್ನದು. ಮಗಳು ಚೇತನಾ ಫೋನಿನಲ್ಲಿ ಮೂರು ಸಲ ಹೇಳಿದ್ದಳು. "ಅಮ್ಮಾ, ಬೆಂಗಳೂರಿಂದ ಬರೋ ಬಸ್ಸು ಕರುಮತ್ತಂಪಟ್ಟಿ ಮೇಲೇ ಹೋಗ್ತೈತಿ. ಅಲ್ಲೇ ಇಳಿ. ಕೊಯಮತ್ತೂರಿಗೆ ಹೋಗಬ್ಯಾಡ. ನಿದ್ದೆ ಮಾಡಬ್ಯಾಡ." ನಾನು ಹೊಸೂರು, ಸೇಲಂ, ಈರೋಡು ಎಂದು ಎಲ್ಲ ಊರಿಗೂ ಎಚ್ಚರವಿದ್ದು, ಇಳಿಯಬೇಕಾದ ಊರು ಬಂದಾಗ ಮಾತ್ರ ಬಾಯಿ ತೆರೆದು ಮಲಗಿದ್ದೆ. ಎಚ್ಚರಾದಾಗ ಬಸ್ಸು ಖಾಲಿ, ಡ್ರೈವರು ಕೆಳಗೆ ನಿಂತು ಟೀ ಕುಡಿಯುತ್ತಿದ್ದ.

ಈ ಪ್ರಯಾಣದ ಕಾರಣ ಹೇಳಿಬಿಡುತ್ತೇನೆ. ಚೇತನಾ ಕೊಯಮತ್ತೂರಿನ ಒಂದು ಪಂಪ್‌ಸೆಟ್ ಕಾರ್ಖಾನೆಯಲ್ಲಿ ಇಂಜಿನಿಯರ್. ಮೋಟಾರು ಬಿಚ್ಚಿ ಜೋಡಿಸುವುದೆಂದರೆ ಅವಳಿಗೆ ಆಟ. ಅಲ್ಲೇ ಕೆಲಸ ಮಾಡುವ ಸೆಂದಿಲ್ ಎಂಬ ಹುಡುಗನನ್ನು ಕಳೆದ ವರ್ಷ ಮದುವೆಯಾದಳು. ಅವನ ಮನೆಯವರು ಕರುಮತ್ತಂಪಟ್ಟಿಯಲ್ಲಿ ತಲೆಮಾರುಗಳಿಂದ ನೇಯುವ ಕನ್ನಡದವರು. ಒಂದೇ ಕುಲದ ಹನ್ನೊಂದು ಮನೆ. ಆ ಹನ್ನೊಂದು ಮನೆಗಳೂ ವರ್ಷಕ್ಕೊಮ್ಮೆ 'ಕೂಡೋ ದಿನ' ಎಂದು ಮಾಡುತ್ತವೆ. ಅಂದು ಒಂದು ಬಟ್ಟೆ ಮುಗಿಸುತ್ತಾರೆ. ಮನೆಗೊಂದು ಗೇಣಿನಂತೆ ಹನ್ನೊಂದು ಮನೆಯ ಹೆಂಗಸರು ಕೈಮಗ್ಗದಲ್ಲಿ ನೇಯ್ದ ಬಟ್ಟೆ. ಆ ವರ್ಷ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಅದಕ್ಕೆ ಜೋಲಿ ಕಟ್ಟುವುದು ಆ ಬಟ್ಟೆಯಲ್ಲೇ.

ಈ ಸಲ ಚೇತನಾಳ ಅತ್ತೆ ಸರೋಜ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಮದುವೆಯಾಗಿ ಬಂದ ಮೇಲೆ ಒಂದು ವರ್ಷವೂ ಅವರ ಮನೆಯ ಗೇಣು ತಪ್ಪಿರಲಿಲ್ಲ. ಬೇರೆ ಮನೆಯವರು ನೇಯ್ದು ಕೊಡುವ ಹಾಗಿಲ್ಲ. ಹಾಗಾಗಿ ಅದು ನನ್ನ ಮಗಳ ತಲೆಗೆ ಬಂದಿತ್ತು. ಅವಳು ನೇಯದಿದ್ದರೆ ಈ ವರ್ಷದ ಜೋಲಿಯಲ್ಲಿ ಆ ಮನೆ ಇಲ್ಲ. ಅಂಗಿಗೆ ಗುಂಡಿ ಹೊಲಿಯಲು ಹೇಳಿದರೆ ಸೇಫ್ಟಿ ಪಿನ್ ಚುಚ್ಚಿಕೊಂಡು ಹೋಗುತ್ತಿದ್ದ ಹುಡುಗಿ! ನನ್ನ ಯಜಮಾನರು ಅಂಗಡಿ ಬಿಟ್ಟು ಅಲ್ಲಾಡುವ ಜನ ಅಲ್ಲ. ಮಗಳ ಮಾನ ಕಾಯಲು ನಾನೊಬ್ಬಳೇ ಹೊರಟಿದ್ದೆ.

ಗುಲಾಬಿ ಬಣ್ಣದ ಟೌನ್ ಬಸ್ಸೊಂದು ಬಂತು. ಹೆಂಗಸರೆಲ್ಲ ಹತ್ತುತ್ತಿದ್ದರು, ನಾನೂ ಹತ್ತಿದೆ. ಬ್ಯಾಗಿನ ತಳಕ್ಕೆ ಕೈ ಹಾಕಿ ಆಧಾರ್ ಕಾರ್ಡು ಹುಡುಕುತ್ತಿದ್ದರೆ ಕಂಡಕ್ಟರು ಏನೂ ಕೇಳದೆ ಉಚಿತ ಟಿಕೆಟ್ ಹರಿದು ಕೈಗಿಟ್ಟ. ನಾನು ಯಾವ ರಾಜ್ಯದವಳೆಂಬುದು ಅವನಿಗೆ ಬೇಕಿರಲಿಲ್ಲ. ನನಗೂ ಆ ಖುಷಿಯಲ್ಲಿ ಬಸ್ಸು ಯಾವ ಊರಿಗೆ ಎಂದು ಕೇಳುವುದು ಮರೆತುಹೋಯಿತು.

ಕಿಣತ್ತುಕಡವು

ಕರುಮತ್ತಂಪಟ್ಟಿ ಕೊಯಮತ್ತೂರಿಗೆ ಒಂದು ದಿಕ್ಕು, ಕಿಣತ್ತುಕಡವು ಇನ್ನೊಂದು ದಿಕ್ಕು. ನಾನು ಎರಡನೆಯದರಲ್ಲಿ ಇಳಿದಿದ್ದೆ.

ಎದುರಿಗೆ ಟೊಮೆಟೊ ಕ್ರೇಟುಗಳ ಮೇಲೆ ಕೂತಿದ್ದ ಒಬ್ಬ ಹೆಂಗಸು ನನ್ನ ಮುಖ ನೋಡಿಯೇ ವಿಷಯ ತಿಳಿದುಕೊಂಡಳು. "ತಪ್ಪಾನ ಬಸ್ಸುಂಗ," ಎಂದಳು. ತಪ್ಪು ಬಸ್ಸು ಕಣ್ರೀ ಎಂದು. ಈ ಸೀಮೆಯವರ ಮಾತಿನ ತುದಿಗೆ 'ರೀ' ಎನ್ನುವಂತೆ ಒಂದು 'ಂಗ' ಅಂಟಿಕೊಂಡೇ ಇರುತ್ತದೆ. ಬೈಯುವಾಗಲೂ ಬಿಡುವುದಿಲ್ಲವಂತೆ. ನಮ್ಮ ಕಡೆ ದಾರಿ ತಪ್ಪಿದವರಿಗೆ ಮೊದಲು ಒಂದು ಸುತ್ತು ಬುದ್ಧಿ ಹೇಳಿ ಆಮೇಲೆ ದಾರಿ ಹೇಳುತ್ತೇವೆ. ಈಕೆ ಬುದ್ಧಿವಾದದ ಗೋಜಿಗೇ ಹೋಗದೆ ನನ್ನ ಫೋನು ಇಸಿದುಕೊಂಡು ಚೇತನಾಳ ಹತ್ತಿರ ತಾನೇ ಮಾತಾಡಿದಳು. ಆಮೇಲೆ ಬಂದ ಬಸ್ಸಿನ ಕಂಡಕ್ಟರಿಗೆ ನನ್ನನ್ನು ಒಂದು ಕ್ರೇಟಿನಂತೆ ಒಪ್ಪಿಸಿ, ಎಲ್ಲಿ ಇಳಿಸಿ ಯಾವ ಬಸ್ಸು ಹತ್ತಿಸಬೇಕೆಂದು ಹೇಳಿದಳು. ನನಗೆ ಎಷ್ಟು ಮಕ್ಕಳು ಎಂದು ಬೆರಳು ತೋರಿಸಿ ಕೇಳುವುದನ್ನೂ ಮರೆಯಲಿಲ್ಲ. ಒಂದು ಎಂದೆ. ಸಾಲದು ಎಂಬಂತೆ ತಲೆಯಾಡಿಸಿ ಎರಡು ಟೊಮೆಟೊ ಕೈಗಿಟ್ಟಳು.

ಕರುಮತ್ತಂಪಟ್ಟಿ, ಮೊದಲ ದಿನ

ಮಧ್ಯಾಹ್ನ ಬಸ್ಸಿಳಿದಾಗ ಚೇತನಾ ಸ್ಕೂಟರ್ ಹಿಡಿದು ಕಾಯುತ್ತಿದ್ದಳು. ಕೂಡೋ ದಿನಕ್ಕೆಂದು ರಜೆ ಹಾಕಿದ್ದಳಂತೆ. ಅವರ ಬೀದಿಗೆ ತಿರುಗಿದ್ದೇ ತಡ, ಎರಡೂ ಕಡೆಯಿಂದ ವಿದ್ಯುತ್ ಮಗ್ಗಗಳ ಟಕಟಕ ಸದ್ದು ಮೈಮೇಲೆ ಬಿತ್ತು. ಮನೆಯೊಳಗೆ ಕಾಲಿಟ್ಟರೆ ಸರೋಜ ಮತ್ತು ಸೆಂದಿಲ್ ಎದುರುಬದುರು ನಿಂತು ಕೂಗಾಡುತ್ತಿದ್ದಾರೆ! ನಾನು ಬಂದ ಗಳಿಗೆಯಲ್ಲೇ ಜಗಳ, ಅದೂ ನನ್ನ ಮಗಳ ವಿಷಯಕ್ಕೇ ಇರಬೇಕು ಎಂದುಕೊಂಡೆ. ಆಮೇಲೆ ತಿಳಿಯಿತು, ಅವರು ರಾತ್ರಿ ದೋಸೆಗೆ ಹಿಟ್ಟು ಸಾಕೋ ಬೇಡವೋ ಎಂದು ಮಾತಾಡುತ್ತಿದ್ದರು. ಮಗ್ಗದ ಸದ್ದಿನ ಮೇಲೆ ಕೇಳಿಸಬೇಕಲ್ಲ, ಇಲ್ಲಿ ಎಲ್ಲರ ಪಿಸುಮಾತೂ ನಮ್ಮೂರಿನ ಕೂಗಿನಷ್ಟು.

"ವಾಂಗ ವಾಂಗ ಸಂಬಂದಿಯಮ್ಮ!" ಎಂದು ಸರೋಜ ನನ್ನ ಕಿವಿಯ ಹತ್ತಿರವೇ ಸ್ವಾಗತಿಸಿದರು. ನಾವು ಬೀಗಿತ್ತಿ ಎನ್ನುವುದನ್ನು ಇವರು ಸಂಬಂದಿ ಎನ್ನುತ್ತಾರೆ. "ಬೆಳಗ್ಗಿಂದ ಕಾದ್ಕೊಂಡು ಕುಂತಿವ್ನಿ. ಕಿಣತ್ತುಕಡವು ಸುತ್ತಿ ಬಂದ್ರಂತಲ್ಲ! ರೊಂಬ ಕಷ್ಟ ಆಗೋಯ್ತಾ? ಕೈಕಾಲು ತೊಳ್ಕಂಡು ಉಣ್ಣೋಕೆ ಬನ್ನಿ, ಸಾಪಾಡು ರೆಡಿ ಅದೆ."

ನಾನು ತಂದಿದ್ದ ಚೀಲ ಬಿಚ್ಚಿದೆ. ಬೆಣ್ಣೆ ಬಿಸ್ಕತ್ತು, ಮಂಡಕ್ಕಿ, ಮತ್ತು ನನ್ನ ದೊಡ್ಡ ಉಡುಗೊರೆ: ಮಕ್ಕಳಿಗೆಂದು ಹನ್ನೊಂದು ಕನ್ನಡ ಪುಸ್ತಕ, ಮನೆಗೊಂದರಂತೆ. ಎಲ್ಲ ನಾನೇ ಕರಡು ತಿದ್ದಿದವು. ಸರೋಜ ಎಡಗೈಯಲ್ಲಿ ಒಂದನ್ನು ಎತ್ತಿ, ಹಿಂದೆ ಮುಂದೆ ನೋಡಿ, ಕಣ್ಣಿಗೊತ್ತಿಕೊಂಡರು. ಪಕ್ಕದ ಮನೆಯ ಹುಡುಗಿ ಇಣುಕಿ, "ಇದು ತೆಲುಗಾ ಪೆರಿಯಮ್ಮಾ?" ಎಂದು ತನ್ನ ದೊಡ್ಡಮ್ಮ ಸರೋಜರನ್ನು ಕೇಳಿದಳು. ಹನ್ನೊಂದು ಮನೆಯಲ್ಲಿ ಒಬ್ಬರಿಗೂ ಕನ್ನಡ ಓದಲು ಬಾರದು. ಶಾಲೆ ತಮಿಳು, ಕೆಲಸ ತಮಿಳು, ಕನ್ನಡ ಬಾಯಲ್ಲಿ ಮಾತ್ರ. ಪುಸ್ತಕಗಳಿಗೆ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟರು. ನನಗೆ ಒಳಗೊಳಗೇ ಚುಚ್ಚಿತು. ಅಕ್ಷರ ಕಳೆದುಕೊಂಡ ಜನ, ನೆನಪು ಇನ್ನೆಷ್ಟು ದಿನ ಇದ್ದೀತು ಎಂದು ದೊಡ್ಡಸ್ತಿಕೆಯಿಂದ ಮರುಗಿದೆ. ಬೆಳಿಗ್ಗೆ ಬಸ್ಸಿನ ಬೋರ್ಡು ಓದಲಾಗದೆ ನಿಂತವಳು ನಾನೇ ಎಂಬುದು ಆಗ ಹೊಳೆಯಲಿಲ್ಲ.

ಸಂಜೆ ಚೇತನಾ ನನ್ನನ್ನು ಬೀದಿ ಕೊನೆಯ ಮನೆಗೆ ಕರೆದೊಯ್ದಳು. ಅದು ದೊಡ್ಡವ್ವನ ಮನೆ. ಹನ್ನೊಂದು ಮನೆಗೂ ಹಿರಿಯರಾದ ಅವರನ್ನು ಮುದುಕರೂ ದೊಡ್ಡವ್ವ ಎಂದೇ ಕರೆಯುತ್ತಾರೆ. ಇಡೀ ಬೀದಿಯಲ್ಲಿ ಉಳಿದಿರುವ ಒಂದೇ ಗುಂಡಿ ಮಗ್ಗ ಅವರ ನಡುಮನೆಯಲ್ಲಿದೆ. ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ, ಅಡ್ಡ ನೂಲಿನ ಲಾಳಿಯನ್ನು ಅತ್ತಿಂದಿತ್ತ ಓಡಿಸಬೇಕು. ಹತ್ತು ಮನೆಯ ಗೇಣುಗಳು ಹತ್ತು ದಿನದಲ್ಲಿ ಮುಗಿದಿದ್ದವು. ಹನ್ನೊಂದನೆಯದು, ಹೊಸ ಸೊಸೆ ಇರುವ ಮನೆಯದು, ಎಲ್ಲರ ಎದುರಿಗೆ ಕೂಡೋ ದಿನವೇ ಆಗಬೇಕು. ಒಂದೊಂದು ಮನೆಗೂ ಒಂದೊಂದು ಬಣ್ಣ. ನಮ್ಮ ಬೀಗರ ಮನೆಯದು ಹಳದಿ.

"ಗೇಣು ಅಂದ್ರೆ ಯಾರ ಗೇಣು?" ಎಂದು ಕೇಳಿದೆ.

"ನೇಯೋರ ಗೇಣು," ಎಂದಳು ಚೇತನಾ. "ಅದಕ್ಕೇ ಪಟ್ಟಿ ಒಂದೇ ಅಗಲ ಇಲ್ಲ ನೋಡು. ಅದು ಆರನೇ ಮನೆದು. ಆ ಅತ್ತಿಗೆ ಕೈ ದೊಡ್ಡದು."

ನೂಲಿನ ಮೊದಲ ಮೊಳವನ್ನು ಚೇತನಾಳ ಕಲಿಕೆಗೆಂದೇ ಬಿಟ್ಟುಕೊಟ್ಟಿದ್ದರಂತೆ. ಜೋಲಿಗೆ ಸೇರದ ಆ ಮೊಳದಲ್ಲಿ ನೇಯ್ದು, ಬಿಚ್ಚಿ, ಮತ್ತೆ ನೇಯ್ದು ಕಲಿತಿದ್ದಳು. ಅವಳ ತೋರುಬೆರಳು ಲಾಳಿ ತಾಗಿ ದಡ್ಡುಗಟ್ಟಿತ್ತು. "ಆಗ್ತೈತೇನೇ?" ಎಂದೆ. "ಆಗ್ಲೇಬೇಕು," ಎಂದಳು. "ಅತ್ತೆ ಏನೂ ಅನ್ನಲ್ಲಮ್ಮ. ಆದ್ರೆ ಪ್ಲಾಸ್ಟರ್ ಹಾಕಿಸ್ಕೊಂಡು ಬಂದಾಗ ಕೈ ನೋಯ್ತೈತಿ ಅಂತ ಅಳಲಿಲ್ಲ. ಗೇಣು ತಪ್ಪಿಹೋಯ್ತು ಅಂತ ಅತ್ರು."

ಕೂಡೋ ದಿನ

ಬೆಳಿಗ್ಗೆ ಎದ್ದಾಗ ಏನೋ ಕಡಿಮೆಯಾದಂತಿತ್ತು. ಮಗ್ಗಗಳು ನಿಂತಿದ್ದವು. ಬೀದಿಯಲ್ಲಿ ಒಂದೂ ಓಡುತ್ತಿರಲಿಲ್ಲ. ಜನ ಮಾತ್ರ ಅಭ್ಯಾಸಬಲದಿಂದ ಹಾಗೇ ಕೂಗುತ್ತಿದ್ದರು. ಮೌನವಾದ ಬೀದಿಯಲ್ಲಿ "ಕಾಫಿ ಕುಡ್ದಾ?" ಎಂಬ ಪ್ರಶ್ನೆ ಈ ತುದಿಯಿಂದ ಆ ತುದಿಗೆ ಕೇಳಿ, ಕುಡಿದವರೆಲ್ಲ ಉತ್ತರ ಕೊಟ್ಟರು.

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಕೆಲಸಕ್ಕೆ ಹೋಗಿ ಅಲ್ಲೇ ನೆಲೆಸಿದ ಎರಡು ಮನೆಯವರು, ತಮ್ಮ ಗೇಣನ್ನು ಮೊದಲೇ ಬಂದು ನೇಯ್ದು ಹೋದವರು, ಬೆಳಿಗ್ಗೆಯೇ ವ್ಯಾನಿನಲ್ಲಿ ಬಂದರು. ಅಡುಗೆ ಗಂಡಸರದು. ಅಂದು ಮಧ್ಯಾಹ್ನದವರೆಗೆ ಹೆಂಗಸರು ಒಲೆ ಮುಟ್ಟುವಂತಿಲ್ಲ. ಸೆಂದಿಲ್ ಕಣ್ಣೀರು ಸುರಿಸುತ್ತ ಬುಟ್ಟಿಗಟ್ಟಲೆ ಸಣ್ಣ ಈರುಳ್ಳಿ ಸುಲಿಯುತ್ತಿದ್ದ. ನಮ್ಮ ಮನೆತನವೂ ದೊಡ್ಡದೇ. ನಾವು ಸೇರುವುದು ಮದುವೆಗೆ, ಇಲ್ಲವೇ ಯಾರಾದರೂ ಹೋದಾಗ. ಉಳಿದಂತೆ ಒಂದು ವಾಟ್ಸಾಪ್ ಗ್ರೂಪಿದೆ. ಅದರಲ್ಲಿ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ ಹಾಕಿ ಎಲ್ಲರೂ ಕರ್ತವ್ಯ ಮುಗಿಸುತ್ತೇವೆ. ಇಲ್ಲಿ ಯಾವ ಕಾರಣವೂ ಇಲ್ಲದೆ, ಒಟ್ಟಿಗಿದ್ದೇವೆ ಎಂಬುದಕ್ಕೇ ಇಷ್ಟು ಜನ ಈರುಳ್ಳಿ ಸುಲಿಯುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ದೊಡ್ಡವ್ವನ ನಡುಮನೆ ತುಂಬಿತು. ಆರನೇ ಮನೆಯ ಸೊಸೆ ಮೂರು ತಿಂಗಳ ಹೆಣ್ಣುಮಗುವನ್ನು ಎತ್ತಿಕೊಂಡು ಮುಂದೆಯೇ ಕೂತಿದ್ದಳು. ಈ ಬಟ್ಟೆಯಲ್ಲಿ ಮೊದಲು ಮಲಗುವುದು ಅದೇ. ಚೇತನಾ ಸೀರೆ ಎತ್ತಿಕಟ್ಟಿ ಗುಂಡಿಗಿಳಿದಳು. ನಾನು ಅವಳ ಪಕ್ಕಕ್ಕೇ ನುಗ್ಗಿ ಕೂತೆ.

ಲಾಳಿ ಓಡಿತು. ಹಳದಿ ಪಟ್ಟಿ ಬೆರಳಗಲ, ಎರಡು ಬೆರಳಗಲ ಬೆಳೆಯಿತು. ನನ್ನ ಮಗಳು ತುಟಿ ಕಚ್ಚಿಕೊಂಡು, ಹಲಗೆ ತುಳಿದು, ನೂಲು ಬಡಿಯುತ್ತಿದ್ದುದನ್ನು ನೋಡಿ ನನಗೆ ಎದೆಯುಬ್ಬಿ ಬಂತು. ಹಿಂದಿನಿಂದ ಯಾರೋ, "ಪಾರು, ಎಷ್ಟು ಚೆಂದ ಹೊಡೀತಾಳೆ ಅಮ್ಮಿಣಿ," ಎಂದರು. ಪಾರು ಎಂದರೆ ನೋಡು, ಅಮ್ಮಿಣಿ ಎಂದರೆ ಮುದ್ದಿನ ಹುಡುಗಿ. ಇವಳು ನನ್ನ ಮಗಳು ಎಂದು ತಿರುಗಿ ಹೇಳಬೇಕೆನ್ನಿಸಿತು. ಎಲ್ಲರಿಗೂ ಗೊತ್ತಿದ್ದರೂ ಹೇಳಬೇಕೆನ್ನಿಸಿತು.

ಅರ್ಧ ಗೇಣಾಗಿರಬೇಕು. ಆಗ ನನ್ನ ಹಾಳು ಕಣ್ಣಿಗೆ ಅದು ಬಿತ್ತು. ನಾಲ್ಕು ಎಳೆ ಹಿಂದೆ ಅವಳ ಕಾಲು ಒಂದೇ ಹಲಗೆಯನ್ನು ಎರಡು ಸಲ ತುಳಿದಿತ್ತು. ಎರಡು ಎಳೆ ಒಂದೇ ದಾರಿಯಲ್ಲಿ ಕೂತು, ಹಳದಿಯ ನಡುವೆ ಒಂದು ದಪ್ಪ ಗೆರೆ ಎದ್ದಿತ್ತು. ಇಪ್ಪತ್ತಾರು ವರ್ಷದ ಅಭ್ಯಾಸ ಸುಮ್ಮನಿರುತ್ತದೆಯೇ?

"ಏ, ಅಲ್ಲಿ ತಪ್ಪೈತಿ," ಎಂದು ಪಿಸುಗುಟ್ಟಿದೆ. "ಯಾರೂ ನೋಡಿಲ್ಲ. ಬಿಚ್ಚಿ ಸರಿ ಮಾಡು."

ಅವಳು ನೋಡಿದಳು. ಮೋಟಾರಿನಲ್ಲಿ ತಪ್ಪು ಕಂಡರೆ ಬಿಚ್ಚುವವಳು, ಇಲ್ಲಿ ಬಿಡುತ್ತಾಳೆಯೇ? ಲಾಳಿ ಹಿಂದಕ್ಕೆ ಸರಿಸಿ ಒಂದು ಎಳೆ ತೆಗೆದಳು. ಎರಡು. ಮೂರು. ನಾಲ್ಕನೆಯದು ತೆಗೆಯುವಷ್ಟರಲ್ಲಿ ನಡುಮನೆ ಸ್ತಬ್ಧವಾಯಿತು. ಬೆಳಗಿನಿಂದ ಕೂಗುತ್ತಲೇ ಇದ್ದ ಆ ಜನ ಅಷ್ಟೊಂದು ಸುಮ್ಮನಾದದ್ದು ಅದೇ ಮೊದಲು.

ಸರೋಜ ಎದ್ದು ನಿಂತರು. ಅವರ ಮುಖ ಬಿಳುಚಿತ್ತು. "ಅಯ್ಯೋ, ನಾನು ಹೇಳ್ಲೇ ಇಲ್ಲ. ಇದನ್ನ ಯಾರಾದ್ರೂ ಹೇಳ್ಬೇಕಾ ಅಂತ ಬಿಟ್ಬಿಟ್ಟೆ ದೊಡ್ಡವ್ವಾ. ತಪ್ಪು ನಂದು."

ಜೋಲಿಯ ನೂಲನ್ನು ಬಿಚ್ಚುವಂತಿಲ್ಲ. ನೇಯ್ದದ್ದು ನೇಯ್ದ ಹಾಗೇ ಇರಬೇಕು. ಆ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಇದು ಹೇಳಿಕೊಡುವ ವಿಷಯವೇ ಅಲ್ಲ. ಅನ್ನ ಕೈಯಲ್ಲಿ ತಿನ್ನಬೇಕು ಎಂದು ಯಾರು ಯಾರಿಗೆ ಹೇಳುತ್ತಾರೆ? ತಿರುಪ್ಪೂರಿನಿಂದ ಬಂದ ಹಿರಿಯ ಹೆಂಗಸೊಬ್ಬರು, "ಬಿಚ್ಚಿದ್ ಗೇಣು ಸೇರಲ್ಲ. ಹತ್ತಕ್ಕೇ ಕತ್ತರಿಸೋದು ಸರಿ," ಎಂದರು. ಕೋಪದಿಂದ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಚೇತನಾ ಲಾಳಿ ಹಿಡಿದುಕೊಂಡೇ ತಲೆ ತಗ್ಗಿಸಿದಳು. ಅವಳ ಕಣ್ಣೀರು ಹಳದಿ ನೂಲಿನ ಮೇಲೆ ಬಿತ್ತು.

ಮಗಳ ಮಾನ ಕಾಯಲು ಬಂದವಳು ನಾನು!

"ಅವಳದಲ್ಲ, ಸರೋಜಮ್ಮನವರದೂ ಅಲ್ಲ," ಎಂದೆ. "ಬಿಚ್ಚು ಅಂದಿದ್ದು ನಾನು."

ಗೋಡೆಗೊರಗಿ ಕಾಲು ಚಾಚಿ ಕೂತಿದ್ದ ದೊಡ್ಡವ್ವ ಒಳಗಿನ ಟ್ರಂಕು ತರಲು ಹೇಳಿದರು. ಅದರೊಳಗೆ ಹಳೆಯ ಜೋಲಿ ಬಟ್ಟೆಗಳು, ಒಗೆದು ಒಗೆದು ಮೆತ್ತಗಾದವು. ಒಂದನ್ನು ಮಡಿಲಲ್ಲಿ ಹರವಿ ಕಣ್ಣು ಮುಚ್ಚಿ ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು.

"ಇಂಗ ಬಾ ಕಣ್ಣು," ಎಂದು ಚೇತನಾಳನ್ನು ಮುದ್ದಿನಿಂದ ಹತ್ತಿರ ಕರೆದರು. "ಮುಟ್ಟಿ ನೋಡು. ಎರಡು ಎಳೆ ಒಟ್ಟಿಗೆ ಅದೆ ಅಲ್ವಾ? ಇದು ನಿಮ್ಮತ್ತೆ ನೇಯ್ದಿದ್ದು. ಸೆಂದಿಲ್‌ಗೆ ಕಾಮಾಲೆ ಬಂದು ಆಸ್ಪತ್ರೇಲಿ ಇದ್ದ ವರ್ಷ. ಕಾಲು ಇಲ್ಲಿ, ಮನಸು ಅಲ್ಲಿ." ಇನ್ನೊಂದು ಬಟ್ಟೆ ತೆಗೆದರು. "ಇದು ನಂದು. ಯಜಮಾನ್ರು ಹೋದ್ ಮೇಲೆ ಮೊದಲ್ನೇದು. ಎಷ್ಟು ಸಡಿಲ ಅದೆ ನೋಡು, ಬಡಿಯೋಕೆ ಕೈಯಲ್ಲಿ ಬಲ ಇರ್ಲಿಲ್ಲ. ಮನೇಲಿ ಆಗಿದ್ದನ್ನ ಆಗ್ಲೇ ಇಲ್ಲ ಅನ್ನೋಕಾಗ್ತದಾ? ಅದಕ್ಕೇ ಬಿಚ್ಚಲ್ಲ."

ಇವರಿಗೆ ಓದಲು ಬಾರದು ಎಂದು ಮರುಗಿದ್ದವಳು ನಾನು. ನಾಚಿಕೆಯಿಂದ ನೆಲ ನೋಡುತ್ತ ಕೂತೆ.

"ಬಿಚ್ಚಿದ್ದನ್ನ ಬಿಚ್ಚಿಸ್ದೋರೇ ನೇಯ್ಲಿ," ಎಂದರು ದೊಡ್ಡವ್ವ.

ತಿರುಪ್ಪೂರಿನ ಹೆಂಗಸು ತಡೆದರು. "ಅದೆಂಗೆ ದೊಡ್ಡವ್ವಾ? ಅವರು ಸಂಬಂದಿ. ನಮ್ ಹನ್ನೊಂದು ಮನೆಯವರಲ್ಲ. ಹೊರಗಿನ ಕೈ ಇದ್ರಲ್ಲಿ ಯಾವತ್ತೂ ಬಿದ್ದಿಲ್ಲ."

"ಈ ಹುಡ್ಗೀನ ಹೆತ್ತೋಳು ಯಾರು? ಕೈ ಹಿಡಿದು ಬೆಳೆಸ್ದೋಳು ಯಾರು? ತಪ್ಪು ಕಂಡ್ರೆ ತಿದ್ದು ಅಂತ ಕಲಿಸ್ದೋಳು ಯಾರು?" ಎಂದರು ದೊಡ್ಡವ್ವ. "ಇವಳು ನಮ್ ಮನೆಗೆ ಬಂದಾಗ ಒಂಟಿಯಾಗಿ ಬಂದ್ಲಾ? ಹೆತ್ತೋಳ ಕೈ ಇವ್ಳ ಕೈಯೊಳಗೇ ಬಂದದೆ. ಇಳೀರಮ್ಮ ಗುಂಡಿಗೆ."

ತಿರುಪ್ಪೂರಿನವರೇ ಎದ್ದು ಬಂದು ನಾನು ಇಳಿಯಲು ಕೈ ಕೊಟ್ಟರು.

ನಾಲ್ಕು ಎಳೆ. ನನ್ನ ಜನ್ಮದಲ್ಲಿ ಅಷ್ಟು ಬೆವರಿದ್ದಿಲ್ಲ. ಮೊದಲ ಸಲ ಲಾಳಿ ಆಚೆ ತುದಿಯಿಂದ ಹಾರಿ ಕೆಳಗೆ ಬಿತ್ತು. ಎರಡನೆಯ ಎಳೆ ಸರಿಯಾಗಿ ಕೂತಿತು. ಮೂರನೆಯದನ್ನು ಎಳೆದು ಬಿಗಿ ಮಾಡುವುದು ಮರೆತು, ಬಟ್ಟೆಯ ಅಂಚಿನಲ್ಲಿ ಒಂದು ಕುಣಿಕೆ ಹೊರಗೆ ಉಳಿಯಿತು. ಅದನ್ನು ಕಂಡ ಕೂಡಲೇ ನನ್ನ ಕೈ ತನ್ನಷ್ಟಕ್ಕೆ ಅತ್ತ ಹೋಯಿತು.

"ಅಮ್ಮಾ!" ಎಂದಳು ಚೇತನಾ. ಇಡೀ ನಡುಮನೆ "ಅಮ್ಮಾ!" ಎಂದಿತು. ಕೈ ಹಿಂದಕ್ಕೆ ತೆಗೆದುಕೊಂಡೆ. ಎಲ್ಲರೂ ನಕ್ಕರು. ನಾನೂ ನಕ್ಕು, ನಾಲ್ಕನೆಯದನ್ನು ಮುಗಿಸಿ ಮೇಲೆ ಬಂದೆ.

ಉಳಿದರ್ಧವನ್ನು ಚೇತನಾ ಮುಗಿಸಿದಳು. ಕೊನೆಗೆ ಕೈ ಚಾಚಿ ಅಳೆದಳು. ಹೆಬ್ಬೆರಳಿಂದ ಕಿರುಬೆರಳಿಗೆ ಸರಿಯಾಗಿ ಒಂದು ಗೇಣು. ಸರೋಜ ಪ್ಲಾಸ್ಟರ್ ಹಾಕಿದ ಕೈಯಿಂದಲೇ ಅವಳನ್ನು ಬಳಸಿಕೊಂಡರು. ಅವರು ಅಳುತ್ತಿದ್ದರು, ಈ ಸಲ ಯಾಕೆಂದು ನನಗೆ ಯಾರೂ ಹೇಳಬೇಕಿರಲಿಲ್ಲ.

ಬಟ್ಟೆಯನ್ನು ಮಗ್ಗದಿಂದ ಕತ್ತರಿಸಿ ತೊಲೆಗೆ ಜೋಲಿ ಕಟ್ಟಿದರು. ಆರನೇ ಮನೆಯ ಮಗುವನ್ನು ಅದರಲ್ಲಿ ಮಲಗಿಸಿದರು. ಈರುಳ್ಳಿ ವಾಸನೆಯ ಗಂಡಸರೂ ಬಂದು ಬಾಗಿಲಲ್ಲಿ ನಿಂತರು. ಇನ್ನು ಮನೆಗಳನ್ನು ಹೇಳುವುದು. ದೊಡ್ಡವ್ವ ಒಂದೊಂದು ಬಣ್ಣದ ಮೇಲೂ ಬೆರಳಿಟ್ಟು ಆ ಮನೆಯ ಹೆಸರು, ನೇಯ್ದವರ ಹೆಸರು, ಎಲ್ಲಿ ಎಳೆ ತಪ್ಪಿದೆ, ಯಾಕೆ ತಪ್ಪಿತು ಎಂದು ಹೇಳುತ್ತಾರೆ. ಸುತ್ತ ನಿಂತ ಮಕ್ಕಳು ಅದನ್ನು ಒಟ್ಟಿಗೆ ತಿರುಗಿ ಹೇಳುತ್ತಾರೆ. ಬರೆದಿಡುವುದಿಲ್ಲ. ಮಕ್ಕಳ ಬಾಯಿಗೆ ಹತ್ತಿದರೆ ಮುಗಿಯಿತು. ಶಾಲೆಯಲ್ಲಿ ತಮಿಳು ಕಲಿಯುವ ಆ ಮಕ್ಕಳು ಅಷ್ಟೂ ಮನೆಗಳನ್ನು ಕನ್ನಡದಲ್ಲಿ ಹೇಳಿದರು.

ಬೆರಳು ಹಳದಿಗೆ ಬಂತು. "ಸರೋಜನ ಮನೆ," ಎಂದರು ದೊಡ್ಡವ್ವ. ಮಕ್ಕಳು ಹೇಳಿದರು. "ಸೊಸೆ ಚೇತನಾ ನೇಯ್ದಿದ್ದು. ಅತ್ತೆ ಕೈ ಮುರಿದಿತ್ತು." ಮಕ್ಕಳು ಹೇಳಿದರು. ನನ್ನ ಮಗಳು ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಳು. ನನ್ನ ಕೂಸು ಹುಟ್ಟಿದ ದಿನ ಕೂಡ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಆಮೇಲೆ ಬೆರಳು ಅಂಚಿನ ಕುಣಿಕೆಯ ಮೇಲೆ ನಿಂತಿತು. ದೊಡ್ಡವ್ವ ತಲೆಯೆತ್ತಿ ನನ್ನನ್ನು ಹುಡುಕಿದರು.

"ಸಂಬಂದಿಯಮ್ಮ, ನಿಮ್ ಹೆಸ್ರೇನು?"

ಇಷ್ಟು ವರ್ಷ ಇಷ್ಟು ಪುಸ್ತಕ ತಿದ್ದಿದ್ದೇನೆ, ಒಂದರಲ್ಲೂ ನನ್ನ ಹೆಸರು ಅಚ್ಚಾಗಿಲ್ಲ. "ಸುಮಂಗಲ," ಎಂದೆ, ಆ ಊರಿನವರಂತೆ ಜೋರಾಗಿ.

"ದಾವಣಗೆರೆ ಸುಮಂಗಲ," ಎಂದರು ದೊಡ್ಡವ್ವ. "ನಾಲ್ಕು ಎಳೆ, ಒಂದು ಕುಣಿಕೆ. ಮಗಳನ್ನ ನೋಡೋಕೆ ಬಂದಿದ್ಲು."

ಮಕ್ಕಳೆಲ್ಲ ಒಟ್ಟಿಗೆ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು: "ದಾವಣಗೆರೆ ಸುಮಂಗಲ. ನಾಲ್ಕು ಎಳೆ, ಒಂದು ಕುಣಿಕೆ. ಮಗಳನ್ನ ನೋಡೋಕೆ ಬಂದಿದ್ಲು."